ಸರಿಗೆ ಕರಗಿಸುತ್ತಿದ್ದ ಚೌಡಣ್ಣ

ನಮ್ಮಣ್ಣ ಚೌಡಯ್ಯನ ಬೆರಳುಗಳು ಅರಿಸಿನದಲ್ಲಿ ಅದ್ದಿ ತೆಗೆದ ಹಾಗೆ ಹಳದಿಯಾಗಿದ್ದವು. ಅದು ಬೆಳ್ಳಿ ಕರಗಿಸುವ ಉರಿ ದ್ರಾವಕದ, ಅಂದರೆ ಆಮ್ಲದ ಕಲೆ. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ಚರ್ಮ ಸುಲಿದು ಹೊಸದು ಬರಬೇಕು. ಹೊಸದು ಬರುವಷ್ಟರಲ್ಲಿ ಅವನು ಮತ್ತೆ ಜಾಡಿಯ ಮುಂದೆ ಕೂತಿರುತ್ತಿದ್ದ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ತುಸು ಸರಿದು ಕೂರುತ್ತಿದ್ದರು. ಅಣ್ಣ ಕಂಡೂ ಕಾಣದವನಂತೆ ಉಣ್ಣುತ್ತಿದ್ದ.

ತಮಿಳು ಸೀಮೆಯ ಸಿರುಮುಗೈಯ ನಮ್ಮ ಬೀದಿಯಲ್ಲಿ ಎಲ್ಲರೂ ಮಗ್ಗದವರು, ನಾನೂ ಕೂಡ. ಅಣ್ಣನೊಬ್ಬ ನೇಯ್ದದ್ದನ್ನು ಸುಡುವವನು. ಮೂವತ್ತರ ದಶಕದ ಆ ಬಿಗಿ ವರ್ಷಗಳಲ್ಲಿ ಹೊಸ ಸೀರೆ ಕೇಳುವವರಿರಲಿಲ್ಲ. ಹಳೆಯ ಸೀರೆಯ ಸರಿಗೆ ಅಂಚನ್ನು ಹರಿದುಕೊಂಡು ಅಣ್ಣನ ಬಳಿ ಬರುವವರೇ ಹೆಚ್ಚಾದರು. ಅವನು ರೇಷ್ಮೆಯನ್ನು ಸುಟ್ಟು, ಬೂದಿ ತೊಳೆದು, ಉಳಿದ ಎಳೆಗಳನ್ನು ಜಾಡಿಗೆ ಹಾಕಿ ದ್ರಾವಕ ಸುರಿಯುತ್ತಿದ್ದ. ಕೆಂಪಗೆ ಹೊಗೆ ಏಳುತ್ತಿತ್ತು. ಬೆಳ್ಳಿ ಕರಗಿ ಮಾಯವಾಗುತ್ತಿತ್ತು. ಮೇಲಿನ ಚಿನ್ನದ ಲೇಪ ಕಪ್ಪು ಪುಡಿಯಾಗಿ ತಳದಲ್ಲಿ ಕೂರುತ್ತಿತ್ತು. ತಿಳಿಯನ್ನು ಬಗ್ಗಿಸಿಕೊಂಡು, ನೀರು ಬೆರೆಸಿ, ಅದರೊಳಗೆ ತಾಮ್ರದ ತಗಡು ಇಳಿಬಿಟ್ಟರೆ ಬೆಳ್ಳಿ ಬೂದುಬಣ್ಣದ ಪಾಚಿಯಂತೆ ತಗಡಿಗೆ ಮೆತ್ತಿಕೊಳ್ಳುತ್ತಿತ್ತು, ನೀರು ನೀಲಿಗೆ ತಿರುಗುತ್ತಿತ್ತು.

“ಚಿನ್ನಕ್ಕೆ ಬಲು ಗರ್ವ, ತಂಬಿ,” ಎನ್ನುತ್ತಿದ್ದ. “ಈ ದ್ರಾವಕ ಎಷ್ಟು ಬುಸುಗುಟ್ಟಿ ಮೇಲೆ ಬಿದ್ರೂ ಅಲ್ಲಾಡಲ್ಲ. ಬೆಳ್ಳಿ ಪಾವ, ಬಡಪಾಯಿ, ಕರಗಿ ಹೋಗ್ತದೆ. ತಾಮ್ರ ಬಂದು, ನಾ ಇಳೀತೀನಿ ನೀ ಈಚೆ ಬಾ ಅಂದ್ರೇನೇ ಅದಕ್ಕೆ ಬಿಡುಗಡೆ.”

ಹಿತ್ತಿಲಿನ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಸೀರೆಯವರನ್ನು ದೂರ ಕೂರಿಸಿಯೇ ಅವನು ಈ ಕೆಲಸ ಮಾಡುತ್ತಿದ್ದದ್ದು. ಸಿಕ್ಕ ಚಿನ್ನ ಬೆಳ್ಳಿಯ ಕೊನೆಯ ಚೂರನ್ನೂ ನವಿಲುಗರಿಯಿಂದ ಗುಡಿಸಿ ಅವರ ಅಂಗೈಗೆ ಹಾಕುತ್ತಿದ್ದ.

ಒಂದು ಚಳಿಗಾಲ, ಪಕ್ಕದ ಬೀದಿಯ ರಂಗಮ್ಮ ತನ್ನ ಮದುವೆ ಸೀರೆಯ ಒಂದು ಅಂಚನ್ನು ಕೊಟ್ಟು ಹೋದಳು. ಅವಳ ಅಪ್ಪ ಉಡಿಸಿದ ಸೀರೆ. ಆ ಬೆಳ್ಳಿಯಲ್ಲಿ ಮಗಳ ಮದುವೆಗೆ ಕಾಲ್ಗೆಜ್ಜೆ ಮಾಡಿಸಬೇಕೆಂದಿದ್ದಳು. ಸಂಜೆ ಬಂದಾಗ ಅಣ್ಣ ತಲೆ ತಗ್ಗಿಸಿ ಹೇಳಿದ: “ಅಮ್ಮಾ, ಇದ್ರಲ್ಲಿ ಬೆಳ್ಳಿ ಇಲ್ಲ. ತಾಮ್ರದ ಎಳೆಗೆ ಬಣ್ಣ ಹಾಕಿದ್ದಾರೆ.”

“ನಮ್ಮಪ್ಪ ಕೊಟ್ಟದ್ದು ಪೊಯ್ಯಾ, ಸುಳ್ಳಾ?” ಎಂದಳು ರಂಗಮ್ಮ. “ನುಂಗಿದವನು ನೀನು!” ಬೀದಿಯುದ್ದಕ್ಕೂ ಕೂಗುತ್ತ ಹೋದಳು.

ಮೂರೇ ದಿನಕ್ಕೆ ಬರುವವರು ನಿಂತರು. “ನನ್ನ ಬೆಳ್ಳಿ ಉಡಿದಾರ ಅವಳಿಗೆ ಕೊಟ್ಬಿಡೋಣ,” ಎಂದೆ ನಾನು.

“ಕೊಟ್ರೆ ಕದ್ದೆ ಅಂತ ಒಪ್ಕೊಂಡ ಹಾಗೆ,” ಎಂದ ಅಣ್ಣ. “ಇನ್ನೊಂದು ಅಂಚು ಅವಳ ಹತ್ರ ಇದೆ. ಎಲ್ರ ಮುಂದೆ ಕರಗಿಸ್ತೀನಿ.”

ಕುಲದ ಯಜಮಾನರು ಒಪ್ಪಿದರು. ಆದರೆ ಬಯಲಲ್ಲಿ ಬೇಡ, ಕೈಚಳಕ ನಡೆದೀತು, ಚಾವಡಿಯೊಳಗೇ ಆಗಲಿ ಎಂದರು. ಅಣ್ಣನ ಪಂಚೆ ಬಿಚ್ಚಿಸಿ, ಬಾಯಿ, ತಲೆಗೂದಲು ತಡಕಿ ನೋಡಿ ಒಳಗೆ ಬಿಟ್ಟರು. ನಾವು ಹತ್ತು ಜನ ಸುತ್ತ ಕೂತೆವು.

ಬೆಳ್ಳಿಗಿಂತ ತಾಮ್ರವೇ ದ್ರಾವಕಕ್ಕೆ ಹೆಚ್ಚು ಹೊಗೆಯುತ್ತದೆ. ಸುರಿದ ಕೂಡಲೇ ಜಾಡಿಯಿಂದ ಕೆಂಗಂದು ಹೊಗೆ ಸೂರಿಗೆ ಮುಟ್ಟಿತು. ಕಣ್ಣು, ಗಂಟಲು ಉರಿದು ಎಲ್ಲರೂ ಎದ್ದು ಓಡಿದೆವು. ಅಣ್ಣ ಏಳಲಿಲ್ಲ.

“ಬಾ ಅಣ್ಣಾ!” ಎಂದು ಕೂಗಿದೆ.

“ಜಾಡಿ ಬಿಟ್ಟು ಬಂದ್ರೆ ಅದಕ್ಕೂ ಒಂದು ಮಾತು ಆಡ್ತಾರೆ. ನೀ ಹೋಗು.”

“ಬಾಗ್ಲು ಹಾಕು,” ಎಂದರು ಯಜಮಾನರು ನನಗೆ, ಹೊರಗೆ ಬಂದ ಮೇಲೆ. “ಒಳಗಿರೋದು ಒಳಗೇ ಇರ್ಲಿ.”

ನಾನು ಹಾಕಿದೆ. ಅವರ ಮಾತು ಮೀರಿದರೆ ಅಣ್ಣನ ಮೇಲೆ ಅನುಮಾನ ಬಲಿಯುತ್ತದೆಂದು ಆ ಹೊತ್ತಿಗೆ ಅನ್ನಿಸಿತು. ಒಳಗಿನ ಕೆಮ್ಮನ್ನು ಕೇಳುತ್ತ, ಅಗುಳಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ.

ಹೊಗೆ ಇಳಿದ ಮೇಲೆ ಬಾಗಿಲು ತೆರೆದಾಗ ಅಣ್ಣ ಜಾಡಿಯನ್ನು ತಾನೇ ಹೊತ್ತು ತಂದ. ತಗಡು ಹಾಕುವ ಮೊದಲೇ ನೀರು ನೀಲಿಯಾಗಿತ್ತು, ಕರಗಿದ್ದೆಲ್ಲ ತಾಮ್ರವೇ. ಹಾಕಿದ ಮೇಲೂ ಅದಕ್ಕೆ ಮೆತ್ತಿಕೊಂಡದ್ದು ಉಸಿರು ತಾಗಿದಷ್ಟು ಮಸಕು, ಅಷ್ಟೆ. ರಂಗಮ್ಮ ಮೆಟ್ಟಿಲ ಮೇಲೆ ಕುಸಿದು, “ಅಪ್ಪಾ…” ಎಂದಳು.

ಅಂದು ಸಂಜೆ ಅಣ್ಣ ಸಜ್ಜೆ ಅಂಬಲಿ ಎರಡು ಸಲ ಹಾಕಿಸಿಕೊಂಡ. ಸಣ್ಣ ಕೆಮ್ಮು ಬಿಟ್ಟರೆ ಗೆಲುವಾಗಿಯೇ ಇದ್ದ. ಬೆಳಗ್ಗೆ ಎದ್ದು ನೋಡಿದರೆ ಕಂಬಕ್ಕೆ ಒರಗಿ ಕೂತಿದ್ದಾನೆ. ತುಟಿ ನೀಲಿ, ಬಾಯಲ್ಲಿ ನೊರೆ, ಎದೆಯೊಳಗೆ ನೀರು ಕುದಿಯುವ ಸದ್ದು. ಗಾಡಿ ಕಟ್ಟಿಸಿ ಮೇಟುಪಾಳ್ಯದ ಡಾಕ್ಟರ ಬಳಿಗೆ ಹೊರಟೆ. ತಲೆ ನನ್ನ ತೊಡೆಯ ಮೇಲಿತ್ತು.

“ರಂಗಮ್ಮನ್ನ ಯಾರೂ ಬೈಬೇಡಿ,” ಎಂದ, ಒಂದೊಂದು ಮಾತಿಗೂ ನಿಂತು. “ಅವ್ರಪ್ಪನಿಗೂ ಗೊತ್ತಿರ್ಲಿಕ್ಕಿಲ್ಲ.” ಆಮೇಲೆ, “ಬಾಗ್ಲು ಹಾಕಿದ್ದು ಯಾರು, ತಂಬಿ?”

“ಯಜಮಾನ್ರು,” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಹೊಳೆ ಕಾಣುವ ತಿರುವಿಗೆ ಬರುವಷ್ಟರಲ್ಲಿ ಎದೆಯ ಸದ್ದು ನಿಂತಿತು.

ಗಾಡಿಯವನು ಹಿಂದೆ ತಿರುಗದೆಯೇ, ಈಗ ಹೇಗಿದ್ದಾರೆ ಎಂದು ತಮಿಳಿನಲ್ಲಿ ಕೇಳಿದ. ನಿದ್ದೆ ಹೋಗಿದ್ದಾನೆ, ಮೆಲ್ಲಗೆ ಹೊಡಿ ಎಂದೆ. ಅವನು ಎತ್ತುಗಳ ಹಗ್ಗ ಜಗ್ಗಿ ಹಿಡಿದ. ಮೇಟುಪಾಳ್ಯ ಬರುವವರೆಗೂ ಹಾಗೆಯೇ, ಕುಲುಕದಂತೆ ಹೊಡೆದುಕೊಂಡು ಹೋದ.