ಅಮಾಸಿಗೊಮ್ಮೆ ಮರಿಯೋ ಸರ್ವರ್

ನಂಬೋದು ಬಿಡೋದು ನಿಮಗ ಬಿಟ್ಟಿದ್ದು. ನಾ ದೆವ್ವದ ಕತಿ ಹೇಳಿ ಹೊಟ್ಟಿ ಹೊರಿಯಾಕಿ ಅಲ್ರಿ. ಶಹಾಪುರ ಬಸ್‌ಸ್ಟ್ಯಾಂಡ್ ಹಿಂದ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಅದ. ದೆವ್ವ ಹೊಕ್ಕದ ಅಂತ ಮಂದಿ ಹೊತ್ಕೊಂಡು ತಂದ ಕಂಪ್ಯೂಟರಿನ್ಯಾಗ ನಾ ಇಲಿ ಹಿಕ್ಕಿ, ಇರುವಿ ಗೂಡು, ಸತ್ತ ಹಲ್ಲಿ ಬಿಟ್ರ ಬ್ಯಾರೆ ಏನೂ ಕಂಡಿಲ್ಲ. ಅಂಥಾಕಿ ಹೇಳಾಕತ್ತೀನಿ, ಇದು ನನ್ನ ಕೈಯಾಗ ನಡದದ್ದು. ಎಡಗೈ ಮ್ಯಾಲ ಮೊಣಕೈತನಕ ಗಾಯದ ಗುರುತು ಅದ. ಬೇಕಾದ್ರ ಬಂದು ನೋಡ್ರಿ.

ನನಗ ಒಬ್ಬನ ತಮ್ಮ, ಈರಣ್ಣ. ಅವ್ವ ಹೋದಾಗ ಅಂವಗ ಅಂಗಿ ಗುಂಡಿ ಹಾಕ್ಕೊಳ್ಳಾಕ ಸುದ್ದಾ ಬರ್ತಿರಲಿಲ್ಲ. ನಾನ ಬೆಳಸೀನಿ, ನಾನ ಬಡದೀನಿ, ನಾನ ಉಣ್ಸೀನಿ. ದೊಡ್ಡಂವ ಆಗಿ ಸುರಪುರ ರಸ್ತಾದಾಗಿನ ಒಂದು ಹತ್ತಿ ಮಿಲ್ಲಿಗೆ ಕೆಲಸಕ್ಕ ಹೊಂಟ. ಕೆಲಸ ಪ್ರೆಸ್ ಮ್ಯಾಲ. ಪ್ರೆಸ್ ಅಂದ್ರ, ನೆಲದಾಗ ಕುಣಿ ತೋಡಿ ಇಳಿಸಿದ ಕಬ್ಬಿಣದ ಪೆಟಗಿ. ಅದರಾಗ ಸಡ್ಲ ಹತ್ತಿ ತುಂಬತಾರ, ಮ್ಯಾಲಿಂದ ಕಬ್ಬಿಣದ ದಿಮ್ಮಿ ಇಳಿದು ಒತ್ತಿ ಬೇಲ್, ಅಂದ್ರ ಗಟ್ಟಿ ಹತ್ತಿ ಗಂಟು, ಮಾಡ್ತದ. ಹತ್ತಿ ಮೂಲಿಗೆ ಸಿಕ್ಕೊಂಡ್ರ ಒಬ್ಬಂವ ಪೆಟಗಿ ಬಾಗ್ಲಾ ತಗದು ಒಳಗ ಇಳಿದು ಕಾಲಿಲೆ ತುಳಿಬೇಕು.

ಆ ಕೆಲಸ ಅಂವಗ ಸಿಕ್ಕಿದ್ದು ಇನ್ನೊಬ್ಬಂವ ಸತ್ತಿದ್ದಕ್ಕ. ಹಣಮಂತ ಅಂತ, ಗೋಗಿ ಊರಾಂವ. ಒಂದು ಅಮಾಸಿ ರಾತ್ರಿ ಅಂವಾ ಕುಣಿಯಾಗ ಇಳಿದು ತುಳಿಯಾಕತ್ತಾಗ ದಿಮ್ಮಿ ಇಳದುಬಿಡ್ತು. ಮಷೀನ್ ನಿಲ್ಲಿಸೋದ್ರೊಳಗ ಎಲ್ಲಾ ಮುಗಿದಿತ್ತು... ಬೇಲ್ ಬಿಚ್ಚಿದಾಗ ನಡುವಿನ ಹತ್ತಿ ಪೂರಾ ಕೆಂಪಗಿತ್ತಂತ. ಬಲಗೈ ಒಂದ ಹೊರಗ ಉಳಿದಿತ್ತಂತ, ಬಾಗ್ಲದ ಅಂಚು ಬಿಗಿಯಾಗಿ ಹಿಡ್ಕೊಂಡು.

ಮಂದಿ ಗದ್ಲ ಮಾಡಿದ ಮ್ಯಾಲ ಮಿಲ್ಲಿನ ಸಾವ್ಕಾರ ಕಣ್ಣು ತೆರದ. ಬಾಗ್ಲಕ್ಕ ಒಂದು ಸೆನ್ಸರ್ ಕೂಡಿಸಿದ. ಬಾಗ್ಲಾ ತೆರದಿದ್ರ ದಿಮ್ಮಿ ಇಳಿಬಾರ್ದು ಅನ್ನೋ ಸೆಟ್ಟಿಂಗು ಆಫೀಸಿನ್ಯಾಗಿನ ಸರ್ವರಿನ್ಯಾಗ ಹಾಕ್ಸಿದ. ಮಿಲ್ಲಿನ ಕ್ಯಾಮೆರಾ, ತೂಕ, ಮಷೀನು ಎಲ್ಲಾ ಕಾಯೋ ದೊಡ್ಡ ಕಂಪ್ಯೂಟರ್ ಅದು. ಆದ್ರ ಅದಕ್ಕೊಂದು ರೋಗ. ಪ್ಲಗ್ ಕಿತ್ತಿದ್ರಂದ್ರ ಎಲ್ಲಾ ಮರೀತಿತ್ತು. ತಾರೀಖು, ಟೈಮು, ಬಾಗ್ಲದ ಸೆಟ್ಟಿಂಗು... ಒಂದೂ ನೆನಪಿರ್ತಿರಲಿಲ್ಲ. ಹಣಮಂತ ಸತ್ತ ಮ್ಯಾಲ ಆ ಮಿಲ್ಲಿನ್ಯಾಗ ಪ್ರತಿ ಅಮಾಸಿಗೆ ಎಲ್ಲಾ ಮಷೀನಿನ ಪ್ಲಗ್ ಕಿತ್ತು, ತೊಳೆದು, ಪೂಜಿ ಮಾಡಿ, ಒಂದು ರಾತ್ರಿ ದಣಿವು ಆರಾಕ ಬಿಡ್ತಾರ. ಸರ್ವರಿಂದೂ ಕೀಳ್ತಾರ. ಮರುದಿನ ಮುಂಜಾನಿ ಗೇಟಿನಾಗ ಹತ್ತಿ ಗಾಡಿ ಸಾಲು ಹಚ್ಚಿರ್ತಾವ, ಸಾವ್ಕಾರ ತಡ ತಡಕೊಳ್ಳಂಗಿಲ್ಲ. ಯಾರಾದ್ರೂ ಸೆಟ್ಟಿಂಗು ಮತ್ತ ಹಾಕೋದು ಮರತ್ರ ಈರಣ್ಣನ ಜೀವ ಹೋಗೋದು.

ಸರ್ವರ್ ಮಾರಿದವ್ರು ಎರಡು ಸಲ ಬಂದು ಅದರೊಳಗಿನ ಬ್ಯಾಟ್ರಿ ಬದಲು ಮಾಡಿ ಹೋಗಿದ್ರಂತ. ಮತ್ತ ಅದ ರಾಗ.

"ಯಕ್ಕಾ, ಅದು ಮರೀತಂದ್ರ ನಾ ಸಾಯ್ತೀನಿ. ನೀನ ಒಮ್ಮೆ ಬಂದು ನೋಡು," ಅಂದ ಈರಣ್ಣ. ಕೆಲಸ ಬಿಡಲೇ ಹುಚ್ಚ್‌ಖೋಡಿ ಅಂತ ಬೈದೆ. ಕೇಳಿದ್ರ ಅಂವಾ ನನ್ನ ತಮ್ಮ ಯಾಕಾಗ್ತಿದ್ದ? ಅಮಾಸಿ ರಾತ್ರಿ ಬಿಟ್ರ ಆ ಸರ್ವರ್ ಬಿಚ್ಚಾಕ ಬಿಡುವು ಸಿಗಂಗಿಲ್ಲ ಅಂದ. ಚೀಲ ಹೆಗಲಿಗೆ ಹಾಕ್ಕೊಂಡು ಅವನ ಗಾಡಿ ಮ್ಯಾಲ ಕುಂತೆ.

ಮಿಲ್ಲಿನ್ಯಾಗ ಒಂದು ಸಪ್ಪಳ ಇಲ್ಲ. ಹತ್ತಿಕಾಳಿನ ಎಣ್ಣಿ ವಾಸನಿ, ಊದಿನಕಡ್ಡಿ ವಾಸನಿ, ಅದರ ಕೆಳಗ ಇನ್ನೊಂದು ಹುಳಿ ವಾಸನಿ... ಕೆಟ್ಟ ತೆಂಗಿನಕಾಯಿದು ಅಂದ್ಕೊಂಡೆ. ವಾಚ್‌ಮನ್ ಖಾಜಾಸಾಬ್ ಚಾಚಾ ಟಾರ್ಚ್ ಬೆಳಕಿನ್ಯಾಗ ನಮ್ಮನ್ನ ಒಳಗ ಕರಕೊಂಡು ಹೋದ್ರು. ಪ್ರೆಸ್ಸಿನ ಮೇನ್ ಸ್ವಿಚ್ ಕೆಳಗ ಎಳದು ಬಂದ್ ಮಾಡಿದ್ರು. ಹಿಡಿಕಿಗೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ್ರು. ಅಮಾಸಿ ಕಳಿಯೋತನಕ ಅದನ್ನ ಯಾರೂ ಮುಟ್ಟಂಗಿಲ್ಲ, ಅಂದ್ರು ಚಾಚಾ. ಆಫೀಸಿಗೆ, ಬಾಗ್ಲದ ಸೆನ್ಸರಿಗೆ ಅಷ್ಟ ಬ್ಯಾರೆ ಲೈನ್ ಇತ್ತು.

ಸರ್ವರ್ ಇಟ್ಟ ಗ್ವಾಡಿಗೆ ಹಣಮಂತನ ಫೋಟೋ. ಹಾರ ಒಣಗಿತ್ತು. ಕೆಳಗ ಅಂವಾ ಸತ್ತ ತಾರೀಖು. ಫೋಟೋದಾಗಿನ ಮುಖ ಬಡವರದು, ಸಾದಾ ಮನಷ್ಯಾ. ನಂಗ ಅಂಜಿಕಿ ಏನೂ ಆಗ್ಲಿಲ್ಲ, ಪಾಪ ಅನಿಸ್ತು.

ಸರ್ವರಿನ ಡಬ್ಬಿ ಬಿಚ್ಚಿ ನೋಡ್ತೀನಿ, ಯವ್ವಾ! ಒಳಗ ಕುಂಕುಮ, ಇಬತ್ತಿ, ಅಕ್ಕಿಕಾಳು. ಮ್ಯಾಲ ಕಾಯಿ ಒಡದು ನೀರು ಸುರುವಿ ಸುರುವಿ ಒಳಗೆಲ್ಲಾ ಅಂಟು. ಕರೆಂಟ್ ಇಲ್ದಾಗ ಸೆಟ್ಟಿಂಗು ನೆನಪಿಡ್ಲಿ ಅಂತ ಅದರಾಗ ರೂಪಾಯಿ ನಾಣ್ಯದಷ್ಟು ಗುಂಡನ ಬ್ಯಾಟ್ರಿ ಇರ್ತದ. ಆ ಬ್ಯಾಟ್ರಿ ಹೊಸಾದಿತ್ತು. ಅದು ಕೂಡೋ ತಗಡು ಮಾತ್ರ ಕಾಯಿನೀರಿಗೆ ಹಸರ ಜಂಗು ಹಿಡಿದಿತ್ತು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ, ಸರ್ವರ್ ಮಾರಿದ ಹುಡುಗ್ರು ಬ್ಯಾಟ್ರಿ ಬದಲು ಮಾಡಿ ಹೋಗ್ಯಾರ. ನಾ ಈರಣ್ಣನ ಮ್ಯಾಲ, ಸಾವ್ಕಾರನ ಮ್ಯಾಲ, ಪೂಜಾರಿ ಮ್ಯಾಲ ಒಟ್ಟಿಗೆ ಹಾಯ್ದೆ. ಚಾಚಾ ನಗಾಕತ್ರು. ಕಂಪ್ಯೂಟರ್ ಸುದ್ದಾ ದೇವರ ಅಲ್ಲೇನು ಬೇಟಿ, ಅಂದ್ರು.

ಜಂಗು ಕೆರದೆ, ಸ್ಪಿರಿಟ್ ಹಚ್ಚಿ ಒರಸಿದೆ, ತಗಡು ನೆಟ್ಟಗ ಮಾಡಿ ಅದ ಬ್ಯಾಟ್ರಿ ಮತ್ತ ಕೂಡಿಸಿದೆ. ತಾರೀಖು ಹಾಕಿದೆ, ಬಾಗ್ಲದ ಸೆಟ್ಟಿಂಗು ಹಾಕಿದೆ. ಪ್ಲಗ್ ಕಿತ್ತು, ಚಾ ಕುಡಿದು, ಮತ್ತ ಹಾಕಿದೆ. ಎಲ್ಲಾ ನೆಟ್ಟಗ ಇತ್ತು. ಈರಣ್ಣ ಸಣ್ಣ ಕೂಸಿನಂಗ ನಕ್ಕ. ನಾಳಿ ಅರಾಮ ಇಳೀತೀನಿ ಯಕ್ಕಾ, ಅಂದ.

ಅಲ್ಲಿಗೆ ಬಿಡಬೇಕಿತ್ತು. ಆದ್ರ ನಾ ಯಾವ ಕೆಲಸಾನೂ ಎರಡು ಸಲ ನೋಡದ ಬಿಟ್ಟಾಕಿ ಅಲ್ಲ. ಪ್ರೆಸ್ಸಿನ ಬಾಗ್ಲಾ ತಗದು ನಿಂದ್ರು, ನಾ ಇನ್ನೊಮ್ಮೆ ಪ್ಲಗ್ ಕಿತ್ತು ಹಾಕ್ತೀನಿ, ಸೆನ್ಸರಿನ ಕೆಂಪು ದೀಪ ಹತ್ತತದಿಲ್ಲೋ ಹೇಳು ಅಂತ ಅವನ್ನ ಕಳಿಸಿದೆ. ಮೇನ್ ಬಂದ್ ಅದ, ದಿಮ್ಮಿಗೆ ಕರೆಂಟ್ ಇಲ್ಲ, ಅಂಜಬ್ಯಾಡ ಅಂದೆ.

ಪ್ಲಗ್ ಕಿತ್ತೆ.

ಸರ್ವರಿನ ಫ್ಯಾನ್ ನಿಂತ್ವು. ಪ್ಲಗ್ ನನ್ನ ಎಡಗೈಯಾಗ ಅದ. ಪರದಿ ಕರ್ರಗಾಗಬೇಕಿತ್ತು... ಆಗಲಿಲ್ಲ. ಪರದಿ ಮ್ಯಾಲ ಒಂದು ತಾರೀಖು ಬಂತು. ಬ್ಯಾಟ್ರಿ ಹೋದ್ರ ಕಂಪನಿಯವ್ರು ಇಟ್ಟ ಯಾವುದೋ ಹಳೀ ತಾರೀಖು ಬರ್ತದ, ಅದು ನಂಗ ಗೊತ್ತು. ಇದು ಅದಲ್ಲ. ನಾ ತಲಿ ಎತ್ತಿ ಗ್ವಾಡಿ ನೋಡಿದೆ. ಫೋಟೋದ ಕೆಳಗಿನ ತಾರೀಖು ಅದು.

ಅದರ ಕೆಳಗ ಒಂದ ಸಾಲು. ಬಾಗ್ಲದ ಸೆಟ್ಟಿಂಗು ಬಂದ್.

ಅಷ್ಟ್ರಾಗ ಆಚೀ ಕಡಿಂದ ಗುಂಯ್... ಅಂತ ಸಪ್ಪಳ ಸುರು ಆತು. ಪ್ರೆಸ್ಸಿನ ಮೋಟಾರ್. ಕಾದ ಎಣ್ಣಿ ವಾಸನಿ ಮೂಗಿಗೆ ಹೊಡೀತು. ಚಾಚಾ ಮೇನ್ ಕಡಿ ಓಡಿದ್ರು. ಹಿಡಿಕಿ ಕೆಳಗ ಅದ, ಲಿಂಬಿಹಣ್ಣು ಹಂಗ ಅದ ಅಂತ ಕತ್ತಲದಾಗಿಂದ ಕೂಗಿದ್ದು ಕೇಳಿಸ್ತು. ನಾ ಸ್ಕ್ರೂಡ್ರೈವರ್ ಕೈಯಾಗ ಹಿಡಕೊಂಡಂಗ ಪ್ರೆಸ್ ಕಡಿ ಓಡಿದೆ.

ಈರಣ್ಣ ಎದಿತನಕ ಕುಣಿಯಾಗಿನ ಹತ್ತಿಯೊಳಗ ಇದ್ದ. ಹೊರಗ ನಿಂದ್ರು ಅಂದಿದ್ದೆ, ಅಂವಾ ಒಳಗಿದ್ದ. ಬಾಗ್ಲದ ಅಂಚಿಗೆ ಬಡದು ಹುಬ್ಬು ಒಡದಿತ್ತು, ಮುಖದ ತುಂಬ ರಕ್ತ. ಎರಡೂ ಕೈಲೆ ಅಂಚು ಹಿಡದು ಜೋತಾಡಾಕತ್ತಿದ್ದ. ಮ್ಯಾಲ ದಿಮ್ಮಿ ಇಳಿಯಾಕತ್ತಿತ್ತು. ಜೋರಿಲ್ಲ, ನಿಧಾನಕ್ಕ... ಕಬ್ಬಿಣ ಕಬ್ಬಿಣಕ್ಕ ತಿಕ್ಕೋ ಸಪ್ಪಳ ಹಲ್ಲಿಗೆ ನಾಟತಿತ್ತು.

"ಯಕ್ಕಾ, ಕಾಲು ಹಿಡದಾರ," ಅಂದ. ಒದರಲಿಲ್ಲ. ಮೆಲ್ಲಕ ಅಂದ.

ರಟ್ಟಿ ಹಿಡಿದು ಜಗ್ಗಿದೆ. ಕೆಳಗಿಂದ ಯಾರೋ ಅಷ್ಟ ಜೋರ್ಲೆ ಜಗ್ಗಿದ್ರು. ಅವನ ಹೆಗಲು ಕಟಕ್ ಅಂದದ್ದು ನನ್ನ ಕೈಗೆ ಗೊತ್ತಾತು. ಹೊಟ್ಟಿ ಮ್ಯಾಲ ಬಿದ್ದು, ಎಡಗೈಲೆ ಅವನ ಅಂಗಿ ಹಿಡದು, ಬಲಗೈ ಹತ್ತಿ ಒಳಗ ತುರುಕಿದೆ. ಅವನ ಕಾಲಿನ ಪಿಂಡಿ ಸಿಕ್ತು. ಅದರ ಸುತ್ತ ಒಂದು ಕೈ ಸಿಕ್ತು.

ದೇವರಾಣಿ, ಕೈ ಅದು. ತಣ್ಣಗಿರಲಿಲ್ಲ. ಬೆಚ್ಚಗಿತ್ತು, ಬೆವತಿತ್ತು, ಕೆಲಸ ಮಾಡಿ ಒರಟಾದ ಕೈ. ಬೆರಳು ಒಂದೊಂದ ಬಿಡಿಸಾಕ ನೋಡಿದೆ, ಬಿಡಲಿಲ್ಲ. ದಿಮ್ಮಿ ನನ್ನ ಬೆನ್ನಿಗೆ ಹತ್ತಿತು.

ನಂಗ ಸಿಟ್ಟು ಬಂತು. ಅಂಜಿಕಿ ಅಲ್ಲ, ಸಿಟ್ಟು. ನನ್ನ ತಮ್ಮನ್ನ ಯಾರಿಗೂ ಕೊಡಾಕಿ ಅಲ್ಲ ನಾ. ಬಾಜು ಬಿದ್ದಿದ್ದ ಸ್ಕ್ರೂಡ್ರೈವರ್ ಬಲಗೈಲೆ ಎತ್ತಿ ಆ ಮಣಿಕಟ್ಟಿಗೆ ಇಟ್ಟು ಚುಚ್ಚಿದೆ. ಒಮ್ಮೆ ಅಲ್ಲ... ಹಿಡಿಕಿತನಕ ಹೋಗೋವರೆಗೂ ಚುಚ್ಚಿದೆ. ಎಲುವಿಗೆ ತಾಗಿದ್ದು ಗೊತ್ತಾತು. ತಿರುವಿದೆ. ಬಿಸಿ ರಕ್ತ ಮೊಣಕೈತನಕ ಹರೀತು. ಕೈ ಬಿಡ್ತು.

ಈರಣ್ಣನ್ನ ಎಳಕೊಂಡು ಹಿಂದಕ್ಕ ಬಿದ್ದೆ. ದಿಮ್ಮಿ ಧಡ್ ಅಂತ ಕೂತ್ತು, ಅದರ ಅಂಚು ನನ್ನ ಎಡಗೈ ಚರ್ಮಾ ಸುಲಕೊಂಡು ಹೋತು. ಆಮ್ಯಾಲ ಮೋಟಾರ್ ನಿಂತ್ತು. ಹುಳಿ ವಾಸನೀನೂ ಹೋತು.

ಚಾಚಾ ಓಡಿ ಬಂದಾಗ ಈರಣ್ಣ ಎಚ್ಚರ ತಪ್ಪಿ ಬಿದ್ದಿದ್ದ. ಇಷ್ಟು ರಕ್ತ ಯಾರದು ಬೇಟಿ ಅಂತ ಕೇಳಿದ್ರು. ನಂದು ಅಂದೆ. ಚುಚ್ಚಿದ್ದು ಹತ್ತಿಯೊಳಗ, ಯಾರೂ ನೋಡಿರಲಿಲ್ಲ. ನಾ ಅವ್ರಿಗೆ ಹೇಳಲಿಲ್ಲ, ಯಾದಗಿರಿ ದವಾಖಾನಿ ಡಾಕ್ಟ್ರಿಗೆ ಹೇಳಲಿಲ್ಲ, ಈರಣ್ಣಗೂ ಹೇಳಲಿಲ್ಲ. ಏನಂತ ಹೇಳ್ಲಿ? ಯಾರಿಗೆ ಚುಚ್ಚಿದಿ ಅಂದ್ರ ಯಾರ ಹೆಸರು ಹೇಳ್ಲಿ?

ಮುಂಜಾನಿ ಕುಣಿ ಖಾಲಿ ಮಾಡ್ಸಿದ್ರು. ಬೆಳ್ಳನ ಹತ್ತಿ. ಒಂದು ಹನಿ ಕೆಂಪಿರಲಿಲ್ಲಂತ. ನನ್ನ ಸ್ಕ್ರೂಡ್ರೈವರಿನ ಹಿಡಿಕಿ ಸಂದ್ಯಾಗ ಮಾತ್ರ ಕರ್ರಗ ಒಣಗಿದ್ದು ಇನ್ನೂ ಅದ. ತೊಳಿಯಾಕ ಮನಸಾಗಿಲ್ಲ.

ಈಗ ಆ ಸರ್ವರ್ ಏನೂ ಮರಿಯಂಗಿಲ್ಲ. ಪ್ರತಿ ಅಮಾಸಿಗೆ ಪ್ಲಗ್ ಕೀಳ್ತಾರ, ಕಾಯಿ ಮಾತ್ರ ದೂರ ಒಡೀತಾರ. ಮುಂಜಾನಿ ಹಾಕಿದ್ರ ಎಲ್ಲಾ ಸೆಟ್ಟಿಂಗು ಇದ್ದಲ್ಲೇ ಇರ್ತಾವ. ಸಾವ್ಕಾರ ನಂಗ ಒಂದು ಸೀರಿ ಕಳಿಸಿದ್ದ.

ಮರಿಯೋದು ನನ್ನ ತಮ್ಮ.

ಅದಾದ ಮ್ಯಾಲ ಬಂದ ಮೊದಲನೇ ಅಮಾಸಿ ರಾತ್ರಿ ಅಂವಾ ಎದ್ದು ಕುಂತು ನನ್ನ ಮುಖ ನೋಡಿದ. ನನ್ನನ್ನ ಯಾವತ್ತೂ ನೀನು ಅಂತ ಕರಿಯೋ ತಮ್ಮ, "ಯಾರ್ರಿ ನೀವು?" ಅಂದ. ಗೋಗಿಗೆ ಆಟೋ ಎಲ್ಲಿ ಸಿಗತಾವ್ರಿ ಅಂತ ಕೇಳಿದ. ನಿದ್ದಿಗಣ್ಣು ಅಂದ್ಕೊಂಡೆ. ಕೂಡಿಸಿ, ನೀರು ಕುಡಿಸಿ, ಸಣ್ಣಂವ ಇದ್ದಾಗ ಹೇಳಿಕೊಟ್ಟಂಗ ಹೇಳಿಕೊಟ್ಟೆ. ನಿನ್ನ ಹೆಸರು ಈರಣ್ಣ. ನಾ ನಿನ್ನ ಅಕ್ಕ. ನಮ್ಮವ್ವನ ಹೆಸರು ಇದು. ಬೆಳಕು ಹರಿಯೋದ್ರಾಗ ಯಕ್ಕಾ ಹಸಿವಿ ಆಗ್ಯಾದ ಅಂದ. ರೊಟ್ಟಿ ಬಡಿಯೋವಾಗ ಅಳು ತಡಕೊಳ್ಳಾಕ ಆಗ್ಲಿಲ್ಲ ನಂಗ.

ಆಮ್ಯಾಲ ಪ್ರತಿ ಅಮಾಸಿಗೂ ಇದ. ಡಾಕ್ಟ್ರು ತಲಿಗೆ ಪೆಟ್ಟು ಅಂತಾರ. ದರ್ಗಾಕ್ಕ ಹೋಗಿ ಬಂದೆ, ಗುಡಿಗೆ ಹೋಗಿ ಬಂದೆ. ಪ್ರತಿ ಸಲ ಹೇಳಿಕೊಡಾಕ ಇನ್ನಷ್ಟು ಹೊತ್ತು ಹಿಡಿಯಾಕತ್ತದ.

ಹ್ವಾದ ಅಮಾಸಿಗೆ ಅಂವಾ ಎದ್ದು ಗ್ವಾಡಿಗೆ ಆತು ಕುಂತಿದ್ದ. ಎಡಗೈಲೆ ಬಲಗೈ ಮಣಿಕಟ್ಟು ತಿಕ್ಕೊಳ್ಳಾಕತ್ತಿದ್ದ. ದೀಪ ಹಚ್ಚಿ ನೋಡಿದೆ, ಅಲ್ಲಿ ಒಂದು ಗೆರಿ ಸುದ್ದಾ ಇಲ್ಲ.

"ಅಕ್ಕಾರ," ಅಂದ. ಸಿಟ್ಟಿರಲಿಲ್ಲ, ಅಳೋ ಧ್ವನಿ. "ನನ್ನನ್ನೂ ಹೊರಗ ತಗೀತೀರಂತ ಅವನ ಕಾಲು ಹಿಡದಿದ್ದೆ. ಯಾಕ ಚುಚ್ಚಿದ್ರಿ?"

ನಾ ಅವನ ಮುಂದ ಕುಂತು ಮೊದಲಿಂದ ಸುರು ಮಾಡಿದೆ. ನಿನ್ನ ಹೆಸರು ಈರಣ್ಣ. ನಾ ನಿನ್ನ ಅಕ್ಕ. ಅಂವಾ ಇಲ್ಲ ಅಂತ ತಲಿ ಅಲ್ಲಾಡಿಸಿದ. ಮತ್ತ ಹೇಳಿದೆ. ಮತ್ತ ಅಲ್ಲಾಡಿಸಿದ.

ಇದನ್ನ ನಿಮಗ ಹೇಳೋ ಹೊತ್ತಿಗೆ ಅಂವಾ ಒಳಗ ಮಲಗ್ಯಾನ. ಹೊರಗ ಹುಣ್ಣಿವಿ ಬೆಳಕು ಬಿದ್ದದ. ಇನ್ನೂ ನನಗ ಅಕ್ಕಾರ ಅಂತಾನ.