ಮಾವನವರ ಕಾರಿನ ಮೆದುಳು

ಮಿತ್ರರೇ, ಇಂದು ಬೆಳಿಗ್ಗೆ ನಾನು ಕಳ್ಳನಾದೆನೆಂದು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ. ಕದ್ದದ್ದು ಮನೆಗೆ ಬಂದಿದ್ದ ಮಾವನವರ ಕಾರಿನ ಮೆದುಳು, ಅಂದರೆ ಎಂಜಿನ್ ನಡೆಸುವ ಕಂಟ್ರೋಲ್ ಡಬ್ಬಿ. ಅದೇ ಮಾಡೆಲ್ಲಿನ ನನ್ನ ಕಾರು ವಾರದಿಂದ ಆಗಾಗ ಕೆಮ್ಮಿ ಮುಗ್ಗರಿಸಿ ಮಿಸ್ಸಿಂಗ್ ಹೊಡೆಯುತ್ತಿತ್ತು. ಮೆಕ್ಯಾನಿಕ್ ಖಾಜಾಸಾಬನನ್ನು ಕರೆಸಿ, ಗುಟ್ಟಾಗಿ ಎರಡೂ ಡಬ್ಬಿ ಅದಲುಬದಲು ಮಾಡಿಸಿದೆ. ಕಾನಹೊಸಹಳ್ಳಿವರೆಗೆ ಓಡಿಸಿ ಬಂದರೂ ಕಾರು ಒಮ್ಮೆಯೂ ಕೆಮ್ಮಲಿಲ್ಲ!

"ಕೆಟ್ಟಿದ್ದು ಡಬ್ಬಿಯೇ! ರೋಗ ಹಿಡಿದವನು ನಾನೇ" ಎಂದು ಬೀಗಿದೆ.

"ಅದು ಊರಿಗೆಲ್ಲಾ ಗೊತ್ತೈತಿ ಬಿಡ್ರಿ" ಎಂದಳು ಹೆಂಡತಿ. "ಅಪ್ಪ ನಿಮ್ಮ ಕೆಟ್ಟ ಡಬ್ಬಿ ಇಟ್ಕೊಂಡು ಉಚ್ಚಂಗಿದುರ್ಗಕ್ಕ ಹೋಗ್ಯಾನ!"

ನನ್ನ ಎದೆಯೂ ಮಿಸ್ಸಿಂಗ್ ಹೊಡೆಯಿತು. ಸಂಜೆ ಮಾವನವರು ನಗುತ್ತಲೇ ಇಳಿದರು. "ಅಳಿಯಂದ್ರ, ಗಾಡಿ ಕುದುರಿ ಓಡಿದಂಗ ಓಡ್ತು ನೋಡ್ರಿ!"

ಮತ್ತೆ ಕರೆಸಿದ ಖಾಜಾಸಾಬ್ ಎರಡೂ ಕಾರು ನೋಡಿ ತಲೆ ಕೆರೆದುಕೊಂಡ. "ಡಬ್ಬಿ ಎರಡೂ ಚಲೋ ಅದಾವ್ರಿ ಸರ್. ನಿಮ್ಮ ಕಾರಿನ್ಯಾಗ ಡಬ್ಬಿಗೆ ಹಾಕೋ ವೈರಿನ ಸಾಕೆಟ್ ಲೂಸ್ ಇತ್ತು, ಬಿಚ್ಚಿ ಹಾಕಿದ್ದಕ್ಕ ಬಿಗಿ ಆಗೇತಿ."

ಹೋದ ವಾರ ಟೇಪ್‌ರೆಕಾರ್ಡರ್ ಕೂರಿಸಲು ಹೋಗಿ ಆ ಸಾಕೆಟ್ ಎಳೆದಾಡಿದವನೂ ನಾನೇ.