ಹುಳ ಎಂದು ಹುಡುಕಿದವರು

ತಂಗಿಯ ಫೋನ್ ಬಂದಾಗ ನಾನು ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಬಿಲ್ ಮಾಡುತ್ತಾ ಕುಳಿತಿದ್ದೆ. ಒಳಗೆ ಮಷಿನ್‌ಗಳ ಸದ್ದು. ಅವಳು ಕಿರುಚುತ್ತಿದ್ದಾಳೆ ಎಂಬುದಷ್ಟೇ ತಿಳಿಯಿತು. ಫೋನ್ ಹಿಡಿದುಕೊಂಡು ಹೊರಗಿನ ಮೆಟ್ಟಿಲಿಗೆ ಓಡಿದೆ.

"ಆಪಾ, ನಮ್ಮ ಅತ್ತೆಯವರಿಗೆ ಹುಳ ಮುಟ್ಟೇತಿ! ಹುಲ್ಲಿನ ಬಣವ್ಯಾಗ ಕೈ ಹಾಕಿದ್ರು. ನಿಮ್ಮ ಗುಂಪಿನ ಪೇಜಿನಾಗ ಹುಡುಕಿದ್ರ ಭತ್ತಕ್ಕ ಹೊಡಿಯೋ ಔಷಧಿ ಬರಾಕತ್ತೈತಿ. ನಾ ಏನ್ ಮಾಡ್ಲಿ?"

ತಂಗಿಯನ್ನು ಕೊಟ್ಟಿದ್ದು ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡಕ್ಕೆ. ಹೊಳೆಯ ದಂಡೆ, ಸುತ್ತ ಭತ್ತದ ಗದ್ದೆ. ಆ ಕಡೆ ಹಾವನ್ನು ಹಾವು ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಹುಳ ಎನ್ನುತ್ತಾರೆ. ಕಚ್ಚಿತು ಎನ್ನುವುದೂ ಇಲ್ಲ, ಮುಟ್ಟಿತು ಎನ್ನುತ್ತಾರೆ. ಗಾಬರಿಯಲ್ಲಿ ತಂಗಿಯೂ ಹಾಗೆಯೇ ಬರೆದು ಹುಡುಕಿದ್ದಳು: ಹುಳ, ಔಷಧಿ. ನಮ್ಮ ವಿಕಿ ಅವಳಿಗೆ ಕಾಂಡ ಕೊರೆಯುವ ಹುಳುವಿಗೆ ಯಾವ ವಿಷವನ್ನು ಎಷ್ಟು ನೀರಿಗೆ ಬೆರೆಸಬೇಕು ಎಂದು ತೋರಿಸಿತ್ತು.

ಆ ವಿಕಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಊಟ, ಮಾತ್ರೆ ಮುಟ್ಟಿಸಲು ಕೂಡಿಕೊಂಡ ಗುಂಪು ನಮ್ಮದು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರು ಇದ್ದೆವು. ಕಾಯಿಲೆ ಇಳಿದ ಮೇಲೂ ಗುಂಪು ಚದುರಲಿಲ್ಲ. ವಾಟ್ಸಾಪಿನಲ್ಲಿ ಇಂದು ಹಾಕಿದ ಮಾಹಿತಿ ನಾಳೆ ಸಿಗುವುದಿಲ್ಲವೆಂದು ಕುರುಗೋಡಿನ ನಿವೃತ್ತ ಮಾಸ್ತರೊಬ್ಬರು ಈ ವಿಕಿ ಶುರು ಮಾಡಿದರು. ಯಾರು ಬೇಕಾದರೂ ಪುಟ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಬರೆಯಲು ಎಲ್ಲರೂ ಮುಂದಾದರು, ತಿದ್ದಲು ಯಾರೂ ಬರಲಿಲ್ಲ. ರೇಷನ್ ಕಾರ್ಡು, ಬೆಳೆ ವಿಮೆ, ರಕ್ತ ಕೊಡುವವರು, ನೀರಿನ ಟ್ಯಾಂಕರ್, ಭತ್ತದ ರೋಗ, ಎಲ್ಲವೂ ಒಂದರ ಮೇಲೊಂದು ಬಿದ್ದು ಸಾಮಾನು ತುಂಬಿದ ಅಟ್ಟದಂತಾಗಿತ್ತು. ಮಾಸ್ತರು ಆಗಾಗ ನನಗೆ ಹೇಳುತ್ತಿದ್ದರು, "ನಿನಗ ಕಂಪ್ಯೂಟರ್ ಬರತೈತಿ, ಒಂದೀಟು ಜೋಡಿಸಿಡವ್ವಾ." ನೋಡೋಣ ಎನ್ನುತ್ತಿದ್ದೆ.

ಮೆಟ್ಟಿಲ ಮೇಲೆ ನಿಂತು ನನ್ನ ಫೋನಿನಲ್ಲೇ ವಿಕಿ ತೆರೆದೆ. ಹಾವು ಎಂದು ಬರೆದೆ. ಮೂರು ಪುಟ ಬಂದವು. ಮೊದಲನೆಯದು ಎಲ್ಲಕ್ಕಿಂತ ಹಳೆಯದು: ಕಚ್ಚಿದ ಜಾಗದ ಮೇಲೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು ಎಂದಿತ್ತು. ಎರಡನೆಯದು ಯಾವ ಕಾರಣಕ್ಕೂ ಕಟ್ಟಬಾರದು ಎಂದಿತ್ತು. ಮೂರನೆಯದನ್ನು ಯಾರೋ ಅರ್ಧ ಬರೆದು ಬಿಟ್ಟಿದ್ದರು. ಆ ಕಡೆ ಒಂದು ಜೀವ, ಈ ಕಡೆ ನಾನು, ಯಾವ ಪುಟವನ್ನು ನಂಬಬೇಕೋ ಗೊತ್ತಿಲ್ಲ.

ಅಷ್ಟರಲ್ಲಿ, ಆಗಲೇ ಹಗ್ಗ ಕಟ್ಟಿದ್ದಾರೆ ಎಂದಳು ತಂಗಿ. ಮಾಸ್ತರಿಗೆ ಫೋನ್ ಮಾಡಿದೆ.

"ಹಗ್ಗ ಕಟ್ಟ್ಯಾರೇನು?" ಅವರು ಕೇಳಿದ ಮೊದಲ ಮಾತು ಇದು.

"ಹೂನ್ರಿ ಸರ್. ಮುಂಗೈ ಮ್ಯಾಲ ಬಿಗಿಯಾಗಿ ಕಟ್ಟ್ಯಾರಂತ."

ಅವರು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಈಗ ಗಾಬರಿಲೆ ಅದನ್ನ ಬಿಚ್ಚಾಕ ಹೋಗಬ್ಯಾಡ್ರಿ ಅನ್ನು. ಡಾಕ್ಟರ್ ಮುಂದನಽ ಬಿಚ್ಚಲಿ. ಕೈ ಅಲುಗಾಡಬಾರದು. ಬಳಿ ಉಂಗುರ ತಗಸ್ರಿ. ಸೀದಾ ಸಿರುಗುಪ್ಪ ಆಸ್ಪತ್ರಿಗೆ ಹೋಗ್ಲಿ. ಮಂತ್ರ ಹಾಕಸ್ತೀವಿ ಅಂತ ನಡುವ ಎಲ್ಲೂ ನಿಲ್ಲಬಾರದು."

ಅಷ್ಟನ್ನೂ ತಂಗಿಗೆ ಹೇಳಿದೆ. ಸಿರುಗುಪ್ಪದಲ್ಲಿ ಇಂಜೆಕ್ಷನ್ ಶುರು ಮಾಡಿ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನು ಮೊದಲೇ ಹೋಗಿ ಗೇಟಿನ ಹತ್ತಿರ ನಿಂತೆ. ಆಂಬುಲೆನ್ಸ್ ಒಂದೊಂದು ಬಂದಾಗಲೂ ಹತ್ತಿರ ಓಡುತ್ತಿದ್ದೆ. ಬಾಗಿಲು ತೆರೆಯುತ್ತಾರೆ, ಬೇರೆ ಯಾರೋ ಇರುತ್ತಾರೆ, ಒಂದು ಕ್ಷಣ ಸಮಾಧಾನ, ಆ ಸಮಾಧಾನಕ್ಕೇ ನಾಚಿಕೆ. ತಂಗಿಗೆ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಅವಳು ಅತ್ತುಬಿಟ್ಟರೆ?

ಕೊನೆಗೆ ಅವರ ಗಾಡಿ ಬಂತು. ಸ್ಟ್ರೆಚರಿನಲ್ಲಿ ಖಾಲಾ, ಅಂದರೆ ತಂಗಿಯ ಅತ್ತೆ, ಕಣ್ಣು ಅರ್ಧ ಮುಚ್ಚಿ ಮಲಗಿದ್ದರು. ಕೈ ಊದಿ ಗುರುತು ಸಿಗದಂತಾಗಿತ್ತು. ಹಗ್ಗ ಬಿಚ್ಚಿದ ಜಾಗದಲ್ಲಿ ಆಳವಾದ ಗೆರೆ, ಅದರ ಕೆಳಗೆ ಚರ್ಮ ಕಪ್ಪಗೆ ತಿರುಗಿತ್ತು. ಒಸಡಿನಿಂದ ರಕ್ತ ಜಿನುಗುತ್ತಿತ್ತು. ನನ್ನನ್ನು ನೋಡಿ ಗುರುತು ಹಿಡಿದರು.

"ಬೇಟಿ, ಉಂಡೀಯೇನು?" ಎಂದರು.

ನಾನು ಸ್ಟ್ರೆಚರಿನ ಅಂಚು ಹಿಡಿದು ಜೊತೆಗೇ ನಡೆದೆ.

ಖಾಲಾ ಬದುಕಿದರು. ಆದರೆ ಅವರು ವಾರ್ಡಿನಲ್ಲಿದ್ದಷ್ಟು ದಿನ ಬದುಕುತ್ತಾರೆಂದು ನಮಗಾರಿಗೂ ಗೊತ್ತಿರಲಿಲ್ಲ. ವಿಷ ಕಿಡ್ನಿಗೆ ಇಳಿದಿರಬಹುದೆಂದು, ಮೂತ್ರ ಎಷ್ಟು ಹೋಯಿತು ಎಂದು ನರ್ಸಮ್ಮ ಕೇಳಿದಾಗಲೆಲ್ಲ ತಂಗಿ ನನ್ನ ಮುಖ ನೋಡುತ್ತಿದ್ದಳು. ಒಂದು ಮಧ್ಯಾಹ್ನ ವರಾಂಡದಲ್ಲಿ ಕುಳಿತಿದ್ದಾಗ ಅವಳು ಹೇಳಿದಳು, "ಆಪಾ, ಎರಡನೇ ಸಲ ಹುಡುಕಿದಾಗ ಕಟ್ರಿ ಅನ್ನೋ ಪೇಜ್ ಬಂತು. ನಾನಽ ಓದಿ ಹೇಳೀದ್ನಿ. ನನ್ನ ಮಾತು ಕೇಳಿ ಇವರು ಹಗ್ಗ ತಂದ್ರು."

ಕೊನೆಗೆ ಎರಡು ಬೆರಳುಗಳ ತುದಿ ತೆಗೆಯಬೇಕಾಯಿತು. ವಿಷದಿಂದ ಎಷ್ಟು, ಹಗ್ಗದಿಂದ ಎಷ್ಟು ಎಂದು ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದರು ವಾರ್ಡಿನ ಡಾಕ್ಟರಮ್ಮ. ಆ ಪುಟವನ್ನು ಅವರಿಗೆ ತೋರಿಸಿದೆ. ಓದಿ ನನ್ನ ಫೋನನ್ನು ಹಾಗೇ ವಾಪಸ್ ಕೊಟ್ಟು, "ಇದನ್ನ ಇನ್ನೂ ಎಷ್ಟು ಜನ ಓದ್ಯಾರ?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆ ಭಾನುವಾರವೇ ಬಸ್ ಹತ್ತಿ ಕುರುಗೋಡಿಗೆ ಹೋದೆ. ಮಾಸ್ತರ ಮನೆ ಗುಡ್ಡದ ಬುಡದಲ್ಲಿದೆ, ಬಂಡೆಯ ಕಾವು ಅಂಗಳದವರೆಗೂ ಬರುತ್ತದೆ. ಹಳೆಯ ಪುಟ ಬರೆದವರು ಯಾರೆಂದು ವಿಕಿಯಲ್ಲೇ ಕಾಣುತ್ತಿತ್ತು. ಅವರಿಗೆ ಹೇಗೆ ಹೇಳುವುದು ಎಂಬ ಅಂಜಿಕೆಯಲ್ಲೇ ದಾರಿಯುದ್ದಕ್ಕೂ ಕುಳಿತಿದ್ದೆ. ಅವರು ನಾನು ಬಾಯಿ ತೆರೆಯುವ ಮುಂಚೆಯೇ ಹೇಳಿದರು.

"ಆ ಪುಟ ನಾನಽ ಬರದದ್ದವ್ವಾ. ನಮ್ಮಪ್ಪ ಹಂಗಽ ಕಟ್ಟತಿದ್ದ, ನೋಡಿದ್ದೆ. ಆಮ್ಯಾಲ ತಪ್ಪು ಅಂತ ಗೊತ್ತಾತು, ಹೊಸಾದು ಬರದೆ. ಹೊಸಾದು ಬರದರ ಹಳೇದು ತಾನಽ ಹಿಂದಕ್ಕ ಹೋಗತೈತಿ ಅಂದ್ಕಂಡಿದ್ದೆ."

ಅವರು ಕೈಲಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟರು.

"ಅಳಿಸಿಬಿಡೋಣು ಸರ್," ಎಂದೆ.

ಅವರು ತಲೆ ಅಲ್ಲಾಡಿಸಿದರು. "ಅಳಿಸಿದ್ರ ಕಟ್ಟಾಂವ ಕಟ್ಟದಽ ಬಿಡ್ತಾನೇನು? ಇಲ್ಲಿ ಸಿಗಲಿಲ್ಲಂದ್ರ ಇನ್ನೆಲ್ಲೋ ಕೇಳ್ತಾನ. ಹೆಂಗ ಕಟ್ಟಬೇಕು ಅಂತ ಹುಡುಕಿದವಂಗ ಕಟ್ಟಬ್ಯಾಡ ಅನ್ನೋದು ಮೊದಲು ಕಾಣಬೇಕು. ಹಂಗ ಮಾಡಾಕ ಬರತೈತೇನು?"

ಬರುತ್ತದೆ ಎಂದೆ. ಅವತ್ತೇ ಅವರ ಪಡಸಾಲೆಯಲ್ಲಿ ಕುಳಿತು ಕೆಲಸ ಶುರು ಮಾಡಿದೆವು. ಮೂರು ಪುಟಗಳನ್ನು ಒಂದು ಮಾಡಿದೆವು. ಬೆಳೆಯ ಹುಳುಗಳಿಗೆಲ್ಲ ಬೇರೆ ಕೋಣೆ ಮಾಡಿದಂತೆ ಬೇರೆ ವಿಭಾಗ ಮಾಡಿ, ಬರೀ ಹುಳ ಎಂದು ಹುಡುಕಿದರೆ ಮೊದಲು ಮನುಷ್ಯನಿಗೆ ಹಾವು ಕಚ್ಚಿದಾಗಿನ ಪುಟವೇ ಕಾಣುವಂತೆ ಇಟ್ಟೆವು. ಡಾಕ್ಟರಮ್ಮ ಅದನ್ನು ಸಾಲು ಸಾಲಾಗಿ ತಿದ್ದಿಕೊಟ್ಟರು. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಆಂಬುಲೆನ್ಸಿಗೂ ನಮ್ಮಲ್ಲೊಬ್ಬರಿಗೂ ಫೋನ್ ಹಚ್ಚುವ ಗುಂಡಿ ಇಟ್ಟೆವು.

ಉಳಿದದ್ದು ಮಾತುಗಳು. ಹೆದರಿದ ಮನುಷ್ಯ ಏನು ಬರೆಯುತ್ತಾನೆ? ಅದನ್ನು ತಿಳಿಯಲು ಕೆಂಚನಗುಡ್ಡಕ್ಕೆ ಹೋಗಿ ಖಾಲಾರನ್ನೇ ಕೇಳಿದೆ. ಅವರು ಕಟ್ಟೆಯ ಮೇಲೆ ಕುಳಿತು ಉಳಿದ ಬೆರಳುಗಳಲ್ಲಿ ಅಕ್ಕಿ ಆರಿಸಲು ಅಭ್ಯಾಸ ಮಾಡುತ್ತಿದ್ದರು.

"ಅದರ ಹೆಸರು ತಗೀಬ್ಯಾಡ ಬೇಟಿ. ಕರದಂಗ ಆಕ್ಕತಿ."

"ಹೆಸರು ಬ್ಯಾಡ ಖಾಲಾ. ಮಂದಿಗೆ ಏನಂತ ಹೇಳತೀರಿ?"

"ಮುಟ್ಟೇತಿ ಅಂತೀವಿ. ಅಷ್ಟಽ. ಎಲ್ಲಾರಿಗೂ ತಿಳೀತೈತಿ."

ನಮ್ಮ ಮನೆಗಳಲ್ಲಿ ಕೀಡಾ ಎನ್ನುತ್ತೇವೆ. ಪಕ್ಕದ ತೆಲುಗು ಮನೆಯವರು ಪುರುಗು ಮುಟ್ಟಿಂದಿ ಎಂದರು. ಎಲ್ಲವನ್ನೂ ಸೇರಿಸಿದೆ, ತಪ್ಪು ಕಾಗುಣಿತವನ್ನೂ ಬಿಡಲಿಲ್ಲ. ನಡುಗುವ ಕೈ ಸರಿಯಾಗಿ ಬರೆಯುವುದಿಲ್ಲ ಎಂಬುದು ನನಗೀಗ ಗೊತ್ತಿತ್ತು. ಮಾತಾಡುತ್ತಾ ಕುಳಿತಿದ್ದಾಗ ತಂಗಿ ಹುಲ್ಲು ತರಲು ಎದ್ದಳು. ಬಣವೆಯ ಹತ್ತಿರ ನಿಂತು ಕೋಲಿನಿಂದ ಬಡಿದಳು, ಮತ್ತೆ ಬಡಿದಳು, ಕೈ ಹಾಕಲಾಗದೆ ಬರಿಗೈಲಿ ವಾಪಸ್ ಬಂದಳು.

ಕೆಲಸ ಮುಗಿಯಿತು ಎಂದುಕೊಂಡಾಗ ನಿಜವಾದ ಹೆದರಿಕೆ ಶುರುವಾಯಿತು. ಜನ ಏನೇನು ಹುಡುಕಿದರು, ಯಾವುದು ಸಿಗದೆ ಹೋಯಿತು ಎಂಬುದನ್ನು ವಿಕಿ ಇಟ್ಟುಕೊಳ್ಳುತ್ತದೆ. ಹುಡುಕಿದವರು ಯಾರೆಂದು ಇಡುವುದಿಲ್ಲ. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅದನ್ನು ನೋಡುವುದು ನನ್ನ ರೂಢಿಯಾಯಿತು. ಹೆಚ್ಚಿನವು ಸಾದಾ ಮಾತುಗಳು: ಪಿಂಚಣಿ, ಆಧಾರ್, ಬೋರ್‌ವೆಲ್ ಮೆಕ್ಯಾನಿಕ್. ಸಿಗದಿದ್ದರೆ ಒಂದು ಪುಟ ಬರೆಯುತ್ತಿದ್ದೆ. ಒಂದು ದಿನ ಆ ಸಾಲುಗಳ ನಡುವೆ ಇದು ಕಂಡಿತು:

ಮಗು ಕಣ್ಣು ತೆರಿಯವಲ್ದು.

ಪಕ್ಕದಲ್ಲಿ, ಏನೂ ಸಿಗಲಿಲ್ಲ ಎಂದಿತ್ತು.

ಯಾವ ಊರು, ಯಾರ ಮಗು, ಹಾವೋ ಜ್ವರವೋ ಬೇರೇನೋ, ಯಾವುದೂ ಇಲ್ಲ. ಅದನ್ನು ಬರೆದಿದ್ದು ಹಿಂದಿನ ದಿನ. ನಾನು ಓದುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಮಾಸ್ತರಿಗೆ ಹೇಳಿದೆ. ಗೊತ್ತಿದ್ದ ಗುಂಪುಗಳಲ್ಲೆಲ್ಲ ಕೇಳಿದರು, ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿದರು. ಯಾರೂ ನಾನೇ ಎನ್ನಲಿಲ್ಲ. ಬೀದಿಯಲ್ಲಿ ಯಾವ ಮಗುವನ್ನು ಕಂಡರೂ ಅದರ ಕಣ್ಣು ನೋಡುವ ಚಾಳಿ ನನಗೆ ಅಂಟಿತು. ಆ ಮಾತಿಗೂ, ಅದರಂಥ ಮಾತುಗಳಿಗೂ, ಆಂಬುಲೆನ್ಸ್ ಗುಂಡಿ ಮೊದಲು ಕಾಣುವಂತೆ ಮಾಡಿದೆ. ಕಣ್ಣು ಮುಚ್ಚತಾವ, ಮಾತು ತೊದಲತೈತಿ, ಉಸುರು ಸಿಕ್ಕತೈತಿ. ಒಂದೊಂದು ಬರೆಯುವಾಗಲೂ ನಾನು ಬರೆಯದೆ ಬಿಟ್ಟ ಇನ್ನೊಂದು ಮಾತು ಎಲ್ಲೋ ಯಾರದೋ ಬಾಯಲ್ಲಿ ಇರುತ್ತದೆ ಎನಿಸುತ್ತಿತ್ತು.

ಎಷ್ಟೋ ದಿನಗಳ ಮೇಲೆ, ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹೆಣ್ಣುದನಿ, ತೆಲುಗು ಬೆರೆತ ಕನ್ನಡ. ಬಳ್ಳಾರಿ ಹತ್ತಿರದ ಕೊಳಗಲ್ಲಿನವರು. ಹೊಲದಲ್ಲಿ ಮಗಳ ಪಾದಕ್ಕೆ ಮುಟ್ಟಿದೆ. ಓದಲು ಬಾರದೆ ಫೋನಿಗೆ ಬಾಯಲ್ಲೇ ಹೇಳಿದ್ದರಂತೆ, ಪುರುಗು ಮುಟ್ಟಿಂದಿ ಎಂದು. ಪುಟ ತೆರೆದಿದೆ, ಗುಂಡಿ ಒತ್ತಿದ್ದಾರೆ.

"ಕಟ್ಟೀರೇನ್ರಿ?" ಮೊದಲು ಅದನ್ನೇ ಕೇಳಿದೆ.

"ಇಲ್ರಿ ಅಕ್ಕಾ, ಇನ್ನಾ ಕಟ್ಟಿಲ್ಲ. ಕಟ್ಟಾಕ ಹೊಂಟಿದ್ದಿವಿ."

"ಕಟ್ಟಬ್ಯಾಡ್ರಿ. ಕಾಲಗೆಜ್ಜಿ ತಗೀರಿ. ನಡಸಬ್ಯಾಡ್ರಿ, ಎತ್ಕಂಡು ಗಾಡಿಗೆ ಕುಂದರಿಸ್ರಿ. ಬಳ್ಳಾರಿಗೆ ಬರ್ರಿ, ನಾನು ಗೇಟಿನ್ಯಾಗ ಇರ್ತೀನಿ."

ಡಬ್ಬಿ ಅಲ್ಲೇ ಬಿಟ್ಟು ಆಟೋ ಹತ್ತಿದೆ. ಆ ಹುಡುಗಿ ಅಪ್ಪನ ತೋಳಿನಲ್ಲಿ ಬಂದಳು, ಎಚ್ಚರವಾಗಿದ್ದಳು, ನೋವಿಗೆ ಜೋರಾಗಿ ಅಳುತ್ತಿದ್ದಳು. ಅಷ್ಟು ಜೋರಾದ ಅಳು ನನಗೆ ಎಂದೂ ಅಷ್ಟು ಹಿತವೆನಿಸಿರಲಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಅವಳು ತನ್ನ ಕಾಲ ಮೇಲೇ ನಡೆದು ಮನೆಗೆ ಹೋದಳು.

ಇದರಿಂದ ಹೆದರಿಕೆ ಹೋಯಿತೆಂದರೆ ಸುಳ್ಳಾಗುತ್ತದೆ. ಸಿಗದೆ ಹೋದ ಮಾತುಗಳನ್ನು ಒಬ್ಬಳೇ ನೋಡುವುದು ನನ್ನಿಂದ ಆಗುವುದಿಲ್ಲವೆಂದು ಮಾಸ್ತರಿಗೆ ಹೇಳಿದೆ. ಈಗ ಬೆಳಿಗ್ಗೆ ಅವರು ಕುರುಗೋಡಿನಲ್ಲಿ ತೆರೆಯುತ್ತಾರೆ, ನಾನು ಬಳ್ಳಾರಿಯಲ್ಲಿ ತೆರೆಯುತ್ತೇನೆ, ಫೋನ್ ಕಿವಿಗಿಟ್ಟುಕೊಂಡೇ ಇಬ್ಬರೂ ಓದುತ್ತೇವೆ. ಮೊನ್ನೆ, ಕಾಲುವ್ಯಾಗ ಬಿದ್ದಾನ ನೀರು ಕುಡದಾನ, ಎಂದಿತ್ತು. ಏನೂ ಸಿಕ್ಕಿರಲಿಲ್ಲ.

"ಬರಿಯವ್ವಾ," ಎಂದರು ಮಾಸ್ತರು. "ಮೊದಲನೇ ಸಾಲು ಏನ್ ಇರಬೇಕು, ಡಾಕ್ಟರಮ್ಮನ್ನ ಕೇಳಿ ಬರಿ."